ಕೆಳಗೆ ನಮ್ಮವರು ಒಬ್ಬರು

ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರುವ ಕೆಲಸವನ್ನು ಯಾರೂ ಹಗುರವಾಗಿ ತಿಳಿಯಬಾರದು. ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಮ್ಮಿನಿಂದ ಎಷ್ಟು ಗಂಟೆಗೆ ಹೊರಡುತ್ತದೆ ಎಂದು ದಿನಕ್ಕೆ ಮುನ್ನೂರು ಸಲ ಹೇಳಬೇಕು. ನಾಲಿಗೆ ಒಂದೇ ಒಂದು ಸಲ ಜಾರಿತೋ, ಪೂರ್ವಕ್ಕೆ ಹೊರಟ ಸಂಸಾರ ಪಶ್ಚಿಮದಲ್ಲಿ ಇಳಿದು ಕಣ್ಣು ಕಣ್ಣು ಬಿಡುತ್ತದೆ. ನಮ್ಮ ಮೈಕಣ್ಣನ ನಾಲಿಗೆ ಇಪ್ಪತ್ತೇಳು ವರ್ಷಗಳಲ್ಲಿ ಒಮ್ಮೆಯೂ ಜಾರಿರಲಿಲ್ಲ. ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಇದ್ದೇ ಇರಬೇಕು, ಯಾರೂ ನೋಡಲು ಹೋಗಿರಲಿಲ್ಲ. ದಿನಕ್ಕೆ ಸಾವಿರಾರು ಕಿವಿಗಳು ಅವನ ಮಾತು ಕೇಳುತ್ತಿದ್ದವು. ಆದರೆ ಗಾಜಿನ ಕೋಣೆಯ ಬಾಗಿಲು ತಳ್ಳಿ "ಊಟ ಆಯ್ತೇನಪ್ಪಾ" ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿಲ್ಲ. ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಅವನು, ಒಂದು ರೇಡಿಯೊ, ಎರಡು ತಟ್ಟೆ. ಊಟ ಮಾಡುತ್ತಿದ್ದದ್ದು ಒಂದೇ ತಟ್ಟೆಯಲ್ಲಾದರೂ ತೊಳೆಯುವಾಗ ಎರಡನ್ನೂ ತೊಳೆಯುತ್ತಿದ್ದ. ಯಾಕೆ ಎಂದು ಕೇಳಲು ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ಕಾರಣ ನಮಗೂ ತಿಳಿದಿಲ್ಲ.

ಎಲ್ಲಾ ಶುರುವಾದದ್ದು ಒಂದು ಸೋಮವಾರ. ಬಸ್ ನಿಲ್ದಾಣದ ಕಂಟ್ರೋಲರು, ಅಂದರೆ ಮೈಕಣ್ಣನ ಮೇಲಿನ ಅಧಿಕಾರಿ, ಎಲ್ಲರನ್ನೂ ಕೇಳುತ್ತಾ ಬಂದರು.

"ನಿನ್ನೆ ಏನ್ ಮಾಡಿದ್ರಿ ಮೈಕಣ್ಣ?"

"ಬಟ್ಟೆ ಒಗೆದೆ ಸಾರ್."

"ಹೋದ ವಾರಾನೂ ಅದನ್ನೇ ಹೇಳಿದ್ರಿ. ಒಬ್ಬನ ಬಟ್ಟೆ ಒಗೆಯೋಕೆ ಇಡೀ ಭಾನುವಾರ ಬೇಕೇನ್ರೀ?"

ಎಲ್ಲರೂ ನಕ್ಕರು. ಮೈಕಣ್ಣನೂ ನಕ್ಕ. ಆದರೆ ಆ ಮಾತು ಅಂಗಾಲಿನ ಮುಳ್ಳಿನಂತೆ ಸಂಜೆಯವರೆಗೂ ಚುಚ್ಚಿತು. ಡ್ಯೂಟಿ ಮುಗಿಸಿ ಹೊರಟವನ ಕಣ್ಣಿಗೆ ಏಳನೇ ಪ್ಲಾಟ್‌ಫಾರಮ್ಮಿನ ಕಂಬದಲ್ಲಿದ್ದ ಒಂದು ಚೀಟಿ ಬಿತ್ತು. ದೊಡ್ಡ ರೆಕ್ಕೆಯ ಕೆಳಗೆ ಮನುಷ್ಯನೊಬ್ಬ ತೂಗಾಡುತ್ತಿದ್ದ ಚಿತ್ರ. ಕೆಳಗೆ "ಹ್ಯಾಂಗ್ ಗ್ಲೈಡಿಂಗ್: ಸ್ನೇಹಿತರೊಂದಿಗೆ ಒಂದು ದಿನ" ಎಂದು ಬರೆದು, ಫೋನ್ ನಂಬರು ಕೊಟ್ಟಿದ್ದರು. ಮೈಕಣ್ಣ ಅಲ್ಲೇ ನಿಂತು ಫೋನ್ ಮಾಡಿದ.

"ಸ್ನೇಹಿತರ ಜೊತೆ ಬರ್ತೀರಾ ಸಾರ್?" ಎಂದು ಆ ಕಡೆಯಿಂದ ತರಬೇತುದಾರ ಕೇಳಿದ.

"ಮತ್ತೆ? ಸ್ನೇಹಿತರ ಜೊತೇನೇ," ಎಂದುಬಿಟ್ಟ ಮೈಕಣ್ಣ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ ನಾಲಿಗೆ ಜಾರಿತ್ತು.

"ಒಳ್ಳೇದು. ಹೆದರಬೇಡಿ, ರೆಕ್ಕೆಯಲ್ಲಿ ನಿಮ್ಮ ಪಕ್ಕ ನಾನೂ ಇರ್ತೀನಿ. ಒಂದೇ ನಿಯಮ. ಇಳಿಯೋ ಬಯಲಿನಲ್ಲಿ ನಿಮ್ಮವರು ಅಂತ ಒಬ್ಬರು ನಿಂತಿರಬೇಕು. ಗಾಳಿ ಸರಿಯಿದ್ರೆ ಅವರು ಕೈ ಬೀಸಬೇಕು, ಆಮೇಲೆ ನಿಮ್ಮನ್ನ ಮನೆಗೆ ಕರ್ಕೊಂಡು ಹೋಗಬೇಕು. ಒಬ್ಬರೂ ಇಲ್ಲ ಅಂದ್ರೆ ನಾನು ಹಾರಿಸಲ್ಲ."

ಇಡೀ ಊರಿಗೆ ದಾರಿ ಹೇಳುವ ಮೈಕಣ್ಣನಿಗೆ ಒಬ್ಬ ಮನುಷ್ಯನನ್ನು ಹೊಂದಿಸುವುದು ಹೇಗೆಂದು ಗೊತ್ತಾಗಲಿಲ್ಲ. ಅದರ ಜೊತೆಗೆ ಇನ್ನೊಂದು ತೊಡಕು. ಕನ್ನಡಿಯ ಮುಂದೆ ನಿಂತು ಆ ಆಟದ ಹೆಸರನ್ನು ಹೇಳಿ ನೋಡಿದರೆ ಮೊದಲ ಸಲ "ಹ್ಯಾಂಗ್ಲಿ ಗೈಡಿಂಗ್" ಎಂದಾಯಿತು, ಎರಡನೆಯ ಸಲ "ಗ್ಯಾಂಗ್ ಹ್ಲೈಡಿಂಗ್". ಉಚ್ಚಾರಣೆಯಲ್ಲಿ ಹೆಸರು ಮಾಡಿದ ಮನುಷ್ಯ ನೆರೆಹೊರೆಯವರ ಮುಂದೆ ತೊದಲುವುದೆಂದರೇನು? ಬಾಯಿ ತುಂಬಾ ಕನ್ನಡದಲ್ಲಿ "ಹಾರುವುದು" ಎಂದರಾಯಿತು ಎಂದು ತೀರ್ಮಾನಿಸಿದ. ಆ ತೀರ್ಮಾನದಿಂದ ಆದ ಅನಾಹುತವನ್ನೇ ಇಲ್ಲಿ ಹೇಳಹೊರಟಿರುವುದು.

ಮಂಗಳವಾರ ಬೆಳಿಗ್ಗೆ ಮೆಟ್ಟಿಲ ಬಳಿ ಮೇಷ್ಟ್ರು ಪೇಪರು ಓದುತ್ತಾ ಕೂತಿದ್ದರು. ನೆಲಮಹಡಿಯ ನಿವೃತ್ತ ಹೆಡ್‌ಮಾಸ್ತರರು ಅವರು. ಇಡೀ ಕಟ್ಟಡಕ್ಕೇ ಬುದ್ಧಿ ಹೇಳುವ ಕೆಲಸವನ್ನು ತಾವಾಗಿ ವಹಿಸಿಕೊಂಡವರು.

"ಮೇಷ್ಟ್ರೇ, ಈ ಭಾನುವಾರ ಬಿಡುವಿದೆಯಾ?"

"ಯಾಕಯ್ಯಾ?"

"ಬೆಟ್ಟದ ತುದಿಯಿಂದ ಹಾರೋಣ ಅಂತಿದೀನಿ. ಬೆಳಿಗ್ಗೆ ಹತ್ತು ಗಂಟೆಗೆ."

ಮೇಷ್ಟ್ರ ಕೈಯಲ್ಲಿದ್ದ ಪೇಪರು ನಿಧಾನವಾಗಿ ಕೆಳಗಿಳಿಯಿತು. "ಯಾ... ಯಾಕೆ?"

"ಎಷ್ಟು ದಿನ ಅಂತ ಹೀಗೇ ಇರೋದು ಹೇಳಿ? ಒಂದ್ಸಲ ಮೇಲೆ ಹೋಗೋ ಆಸೆ. ಮೊದಲನೇ ಹೆಜ್ಜೆ ಇಡೋದಷ್ಟೇ ಕಷ್ಟವಂತೆ. ಆಮೇಲೆ ಎಲ್ಲಾ ಹಗುರ, ಏನೂ ಗೊತ್ತಾಗಲ್ವಂತೆ."

"ಯಾರಯ್ಯಾ ನಿಂಗೆ ಹೀಗೆ ತಲೆ ಕೆಡಿಸಿದ್ದು?"

"ಅದಕ್ಕೆ ಅಂತಲೇ ಒಬ್ಬರಿದಾರೆ ಮೇಷ್ಟ್ರೇ, ಬೇಕಾದಷ್ಟು ಜನರನ್ನ ಹಾರಿಸಿದಾರಂತೆ. ಒಂದೇ ಯೋಚನೆ ನಂದು. ಕೆಳಗೆ ನಮ್ಮವರು ಅಂತ ಒಬ್ಬರು ಇರಲೇಬೇಕಂತೆ, ಆಮೇಲೆ ಮನೆಗೆ ತಗೊಂಡು ಹೋಗೋಕೆ. ನಂಗೆ ಯಾರಿದಾರೆ? ನೀವು ಬರ್ತೀರಾ?"

ಮೇಷ್ಟ್ರು ಎದ್ದು ನಿಂತು ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡರು. "ನಾನಿದೀನಿ ಮೈಕಣ್ಣ. ನಾನಿದೀನಿ ಕಣಯ್ಯಾ!"

ಮೇಷ್ಟ್ರಿಗೆ ಹಾರುವುದರಲ್ಲಿ ಇಷ್ಟು ಆಸಕ್ತಿಯಿದೆಯೆಂದು ಮೈಕಣ್ಣನಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ಅವನು ಶಿಳ್ಳೆ ಹಾಕಿಕೊಂಡು ಡ್ಯೂಟಿಗೆ ಹೋದ. ಆ ಶಿಳ್ಳೆ ಕೇಳಿ ಮೇಷ್ಟ್ರಿಗೆ ಇನ್ನಷ್ಟು ಗಾಬರಿಯಾಯಿತು. ನಿರ್ಧಾರ ಮಾಡಿದವರು ಹೀಗೆಯೇ ಹಗುರವಾಗಿಬಿಡುತ್ತಾರೆ ಎಂದು ಅವರು ಎಲ್ಲೋ ಓದಿದ್ದರು.

ಮಧ್ಯಾಹ್ನದೊಳಗೆ ಮೇಷ್ಟ್ರು ಎರಡನೇ ಮಹಡಿಯ ಟೈಲರಮ್ಮನನ್ನೂ ಫೋನಿನಲ್ಲಿ ಕಂಟ್ರೋಲರನ್ನೂ ಸೇರಿಸಿ ಒಂದು ಸಮಿತಿ ಮಾಡಿದರು. ಸಮಿತಿಗೆ ಮೂರು ನಿಯಮಗಳಿದ್ದವು. ಆ ವಿಷಯವನ್ನು ಅವನ ಎದುರಿಗೆ ಎತ್ತಬಾರದು, ಅವನನ್ನು ಒಂಟಿಯಾಗಿ ಬಿಡಬಾರದು, ಮನೆಯಲ್ಲಿ ಹರಿತವಾದದ್ದು ಏನೂ ಇರಬಾರದು. ಮೊದಲನೆಯ ನಿಯಮ ಇಲ್ಲದಿದ್ದರೆ ಈ ಕಥೆ ಮಂಗಳವಾರವೇ ಮುಗಿದುಹೋಗುತ್ತಿತ್ತು.

ಸಂಜೆ ಟೈಲರಮ್ಮ ಊಟದ ಡಬ್ಬಿ ಹಿಡಿದು ಬಂದಳು. ಮೂರು ಶಾಲೆಗಳ ಸಮವಸ್ತ್ರ ಹೊಲಿಯುವ ಹೆಂಗಸು, ಆರು ವರ್ಷದಲ್ಲಿ ಅವನೊಂದಿಗೆ ಆಡಿದ ಮಾತೆಂದರೆ "ನೀರು ಬಂತಾ" ಅಷ್ಟೇ.

"ಅಣ್ಣಾ, ಬಿಸಿಯಿರುವಾಗಲೇ ಊಟ ಮಾಡಿ. ನಾನು ಇಲ್ಲೇ ಕೂತಿರ್ತೀನಿ. ಅಂದಹಾಗೆ, ನಿಮ್ಮ ಮನೇಲಿ ಕತ್ತರಿ ಇದೆಯಾ? ನಂದು ಮೊಂಡಾಗಿದೆ."

ಅವಳ ಮೇಜಿನ ಮೇಲೆ ಹನ್ನೊಂದು ಕತ್ತರಿಗಳಿರುವುದು ಇಡೀ ಕಟ್ಟಡಕ್ಕೆ ಗೊತ್ತು. ಆದರೂ ಮೈಕಣ್ಣ ಕೊಟ್ಟ. ಬುಧವಾರ ಅವಳಿಗೆ ಚಾಕು ಬೇಕಾಯಿತು, ಗುರುವಾರ ಮೇಷ್ಟ್ರಿಗೆ ಅವನ ಬಟ್ಟೆ ಒಣಹಾಕುವ ಹಗ್ಗ ಮತ್ತು ಗಡ್ಡ ಕೆರೆಯುವ ಬ್ಲೇಡು ಬೇಕಾದವು. ಮೇಷ್ಟ್ರಿಗೆ ಎದೆಯವರೆಗೆ ಗಡ್ಡವಿತ್ತು. ಮೈಕಣ್ಣ ಯೋಚಿಸಿದ: ದೊಡ್ಡ ಸಾಹಸಕ್ಕೆ ಹೊರಟವನ ಮನೆಯಿಂದ ನೆನಪಿಗೆಂದು ಒಂದೊಂದು ಇಟ್ಟುಕೊಳ್ಳುತ್ತಿದ್ದಾರೆ. ಹಾಗಾಗಿ ಶುಕ್ರವಾರದ ಹೊತ್ತಿಗೆ ಅವನು ಸೌತೆಕಾಯಿಯನ್ನು ಕೈಯಿಂದ ಮುರಿದು ತಿನ್ನುತ್ತಾ, ಕುರುಚಲು ಗಡ್ಡದಲ್ಲಿ, ಒದ್ದೆ ಅಂಗಿಯನ್ನು ಕುರ್ಚಿಯ ಬೆನ್ನಿಗೆ ಹರವಿಕೊಂಡು, ಪರಮ ಸಂತೋಷದಲ್ಲಿದ್ದ.

ಕಚೇರಿಯಲ್ಲಂತೂ ಕೇಳಲೇಬೇಡಿ. ಕಂಟ್ರೋಲರು ಗಂಟೆಗೊಮ್ಮೆ ಗಾಜಿನ ಬಾಗಿಲು ತೆರೆದು, "ಮೈಕಣ್ಣ, ಈ ನಿಲ್ದಾಣ ನಡೀತಿರೋದೇ ನಿಮ್ಮಿಂದ ಕಣ್ರೀ," ಎಂದು ಹೇಳಿ ಹೋಗುತ್ತಿದ್ದರು. ಗುರುವಾರ ಅವನು ಮೂತ್ರಕ್ಕೆ ಎದ್ದುಹೋದಾಗ ಅವರು ಮೇಜಿನ ಮೇಲಿದ್ದ ಟಿಪ್ಪಣಿ ಪುಸ್ತಕ ನೋಡಿದರು. ಮೈಕಣ್ಣ ಬಿಡುವಿನಲ್ಲಿ ಉಚ್ಚಾರಣೆಯ ಅಭ್ಯಾಸ ಮಾಡಿದ್ದ. ಪುಟದ ತುಂಬಾ "ಹ್ಯಾಂಗ್, ಹ್ಯಾಂಗ್, ಹ್ಯಾಂಗ್" ಎಂದು ದುಂಡಗೆ ಬರೆದಿತ್ತು. ಕಂಟ್ರೋಲರು ಓಡಿಹೋಗಿ ಮೇಷ್ಟ್ರಿಗೆ ಫೋನ್ ಮಾಡಿದರು.

"ಬೆಟ್ಟ ಅಂತಾರೆ, ಇಲ್ಲಿ ನೋಡಿದ್ರೆ ಹ್ಯಾಂಗ್, ಅಂದ್ರೆ ನೇಣು ಅಂತ ಪುಟದ ತುಂಬಾ ಬರ್ಕೊಂಡಿದಾರೆ. ಎರಡೂ ಒಟ್ಟಿಗೆ ಹೇಗೆ ಸಾಧ್ಯ ಮೇಷ್ಟ್ರೇ?"

"ನಿಮಗೆ ಗೊತ್ತಿಲ್ಲ ಅವನು. ಯಾವ ಕೆಲಸಾನೂ ಅಚ್ಚುಕಟ್ಟಾಗಿ ಮಾಡೋನು," ಎಂದು ಮೇಷ್ಟ್ರು ಬಿಕ್ಕಿದರು.

ಶನಿವಾರ, ಮೇಷ್ಟ್ರು ಹೇಳಿಕಳಿಸಿದ್ದರಿಂದ, ಪರವೂರಿನಲ್ಲಿದ್ದ ಮೈಕಣ್ಣನ ಅಕ್ಕ ಬಂದಳು. ಜೊತೆಗೆ ಭಾವನೂ ಬಂದಿದ್ದ. ಯಾವುದೋ ಪ್ರಯಾಣದಲ್ಲಿ ಕಿಟಕಿ ಪಕ್ಕದ ಸೀಟಿನ ವಿಷಯಕ್ಕೆ ಜಗಳವಾಗಿ, ಒಂಬತ್ತು ವರ್ಷಗಳಿಂದ ಭಾವ ಮಾತು ಬಿಟ್ಟಿದ್ದ. ಈಗ ಬಾಗಿಲಲ್ಲೇ ನಿಂತು, "ಆ ಸೀಟು ನಿಂದೇ ಆಗಿತ್ತು ಕಣೋ, ತಪ್ಪು ನಂದು," ಎಂದುಬಿಟ್ಟ. ಅಕ್ಕ ಐವತ್ತೆರಡು ವರ್ಷದ ತಮ್ಮನ ಕೆನ್ನೆ ಸವರಿ "ಪುಟ್ಟಾ, ಎಷ್ಟು ಸೊರಗಿದೀಯೋ" ಎಂದು ಅತ್ತಳು. ನಾಲ್ಕು ದಿನ ಟೈಲರಮ್ಮನ ಡಬ್ಬಿ ಉಂಡು ಅವನು ದಪ್ಪಗಾಗಿದ್ದ.

ಆ ಸಂಜೆ ಅವನ ಮನೆಯಲ್ಲಿ ಆರು ಜನ ಊಟಕ್ಕೆ ಕೂತರು. ತಟ್ಟೆ ಸಾಲದೆ ಟೈಲರಮ್ಮ ತನ್ನ ಮನೆಯಿಂದ ತಂದಳು. ಭಾವ ಹಳೆಯ ಜೋಕು ಹೇಳಿದ, ಕಂಟ್ರೋಲರು ನೀರು ನೆತ್ತಿಗೇರುವಂತೆ ನಕ್ಕರು. ಮೈಕಣ್ಣ ತುತ್ತು ತುತ್ತಿಗೂ ತಡಮಾಡಿ ಉಂಡ. ಅವನ ತಟ್ಟೆ ಖಾಲಿಯಾಗುವವರೆಗೆ ಯಾರೂ ಏಳುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಆರು ವರ್ಷದಲ್ಲಿ ಅಷ್ಟು ಸುಖವಾಗಿ ಅವನು ಇದ್ದದ್ದೇ ಇಲ್ಲ.

ಭಾನುವಾರ ಬೆಳಿಗ್ಗೆ ಐದೂ ಮುಕ್ಕಾಲಿಗೆ ಮೊದಲ ಬಸ್ಸು. ನಡುಮನೆಯಲ್ಲಿ ಮಲಗಿದ್ದ ಅಕ್ಕ ಭಾವನನ್ನು ಎಬ್ಬಿಸುವುದು ಬೇಡವೆಂದು ಮೈಕಣ್ಣ ಚೀಟಿ ಬರೆದಿಟ್ಟು ಹೊರಟ. ಇಪ್ಪತ್ತೇಳು ವರ್ಷ ಘೋಷಿಸಿದವನ ಕೈಬರಹ, ಒಂದು ಪದ ಹೆಚ್ಚಿಲ್ಲ ಕಮ್ಮಿಯಿಲ್ಲ: "ಹಾರಲು ಹೋಗುತ್ತಿದ್ದೇನೆ. ಯಾರೂ ಗಾಬರಿಯಾಗಬೇಡಿ. ಕೆಳಗೆ ಸಿಗೋಣ."

ಅಕ್ಕನ ಕಿರುಚಾಟಕ್ಕೆ ಕಟ್ಟಡದ ಕಿಟಕಿಗಳೆಲ್ಲ ತೆರೆದುಕೊಂಡವು.

ಬೆಟ್ಟದ ಅಂಚಿನ ಮೇಲೆ ಗಾಳಿ ಒಂದೇ ಸಮ ಬೀಸುತ್ತಿತ್ತು. ತರಬೇತುದಾರ, ಬಿಸಿಲಿಗೆ ಮುಖ ಕಪ್ಪಿಟ್ಟ ಗಟ್ಟಿಮುಟ್ಟಾದ ಮನುಷ್ಯ, ಕೊಳವೆಗಳನ್ನು ಜೋಡಿಸಿ ತಂತಿ ಬಿಗಿದು ರೆಕ್ಕೆ ಸಿದ್ಧಮಾಡಿದ್ದ. ಮೈಕಣ್ಣನಿಗೆ ದಪ್ಪ ಬಟ್ಟೆಯ ಚೀಲದಂಥದ್ದನ್ನು ತೊಡಿಸಿ ಪಟ್ಟಿಗಳನ್ನು ಎಳೆದು ಕಟ್ಟಿದ. ತಲೆಗೆ ಹೆಲ್ಮೆಟ್ಟು. ಬೈನಾಕ್ಯುಲರ್ ಹಿಡಿದು ಕೆಳಗಿನ ಬಯಲು ನೋಡಿದ.

"ಎಲ್ಲಿ ಸಾರ್ ನಿಮ್ಮವರು?"

"ಬರ್ತಾರೆ. ಮೇಷ್ಟ್ರು ಮಾತು ಕೊಟ್ಟಿದಾರೆ."

ಹತ್ತಕ್ಕೆ ಅರ್ಧ ಗಂಟೆಯಿದ್ದಾಗ ವ್ಯಾನೊಂದು ಏದುಸಿರು ಬಿಡುತ್ತಾ ಬೆಟ್ಟದ ಮೇಲಕ್ಕೇ ಬಂತು. ಬಾಗಿಲು ತೆಗೆಯುವ ಮೊದಲೇ ಅದರಿಂದ ಅಳು ಕೇಳಿಸಿತು. ಅಕ್ಕ ಓಡಿಬಂದು ಅವನ ಸೊಂಟದ ಪಟ್ಟಿ ಹಿಡಿದಳು, ಟೈಲರಮ್ಮ ಕಾಲು ಹಿಡಿದಳು. ಭಾವ ರೆಕ್ಕೆಯ ತುದಿಗೆ ಜೋತುಬಿದ್ದ. ಗಾಳಿ ಬಂದು ರೆಕ್ಕೆ ಎದ್ದಾಗ ಭಾವನೂ ಒಂದು ಮೊಳ ಮೇಲೆದ್ದು, "ಅಯ್ಯೋ, ನಾನು ಹೋದೆ!" ಎಂದು ಕೂಗಿಕೊಂಡ.

ಮೇಷ್ಟ್ರು ನೇರವಾಗಿ ತರಬೇತುದಾರನ ಮೇಲೆ ಬಿದ್ದರು. "ನಾಚಿಕೆ ಆಗಲ್ವೇನಯ್ಯಾ ನಿಂಗೆ? ಇದೂ ಒಂದು ಕಸುಬಾ? ಎಷ್ಟು ಜನರನ್ನ ಕಳಿಸಿದೀಯ ಹೀಗೆ?"

"ಎರಡು ಸಾವಿರ ದಾಟಿದೆ ಸಾರ್," ಎಂದ ಅವನು ಹೆಮ್ಮೆಯಿಂದ. "ಇವತ್ತಿನವರೆಗೆ ಒಬ್ಬರೂ ದೂರು ಹೇಳಿಲ್ಲ."

"ಹೇಳೋಕೆ ವಾಪಸ್ ಬಂದ್ರೆ ತಾನೇ!"

"ಬರ್ತಾರಲ್ಲ ಸಾರ್. ಕೆಲವರು ಎರಡೆರಡು ಸಲ ಬರ್ತಾರೆ. ಹೆಂಡ್ತಿ ಮಕ್ಕಳನ್ನೂ ಕರ್ಕೊಂಡು ಬರ್ತಾರೆ."

ಟೈಲರಮ್ಮ ಹಿಡಿದಿದ್ದ ಕಾಲು ಬಿಟ್ಟಳು. ಎಲ್ಲರೂ ಮೊದಲ ಸಲ ರೆಕ್ಕೆಯನ್ನು ಸರಿಯಾಗಿ ನೋಡಿದರು, ಆಮೇಲೆ ಮೈಕಣ್ಣನ ಹೆಲ್ಮೆಟ್ಟನ್ನು ನೋಡಿದರು.

"ಅಂದ್ರೆ... ನೀನು ಸಾಯಲ್ವಾ?" ಎಂದು ಭಾವ ಕೇಳಿದ. ಆ ಧ್ವನಿಯಲ್ಲಿ ಇದ್ದದ್ದು ಸಮಾಧಾನವೆಂದು ಹೇಳುವುದು ಕಷ್ಟ.

"ಸಾಯೋದಾ? ಯಾರು?" ಎಂದ ಮೈಕಣ್ಣ. ಆಮೇಲೆ ಅವನಿಗೆ ಒಂದೊಂದಾಗಿ ಹೊಳೆಯಿತು. ಕತ್ತರಿ, ಹಗ್ಗ, ಡಬ್ಬಿ, ಕಂಟ್ರೋಲರ ಹೊಗಳಿಕೆ, ಶನಿವಾರದ ಊಟ. ಅವನ ಮುಖ ಸಣ್ಣದಾಯಿತು. ಅಷ್ಟೂ ಪ್ರೀತಿ ಬೇರೆ ಯಾರಿಗೋ ಬಂದ ಕಾಗದವಾಗಿತ್ತು, ಅವನು ತೆರೆದು ಓದಿಕೊಂಡಿದ್ದ.

ಬದುಕುಳಿದ ಮನುಷ್ಯನ ಮೇಲೆ ಜನಕ್ಕೆ ಎಷ್ಟು ಸಿಟ್ಟು ಬರುತ್ತದೆ ಎಂಬುದನ್ನು ಅಲ್ಲಿ ನೋಡಬೇಕಿತ್ತು.

"ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ಎಂದು ಮೇಷ್ಟ್ರು ಗದರಿದರು. "ಐದು ದಿನದಿಂದ ನಿದ್ದೆ ಮಾಡಿಲ್ಲ ನಾನು!"

"ನಲವತ್ತು ಸಮವಸ್ತ್ರ ಹಾಗೇ ಬಿದ್ದಿದೆ, ನಾಳೆ ಬೆಳಿಗ್ಗೆ ಕೊಡಬೇಕು," ಎಂದಳು ಟೈಲರಮ್ಮ. ಈ ಸಲ "ಅಣ್ಣಾ" ಎನ್ನಲಿಲ್ಲ.

"ನಿಮ್ಮ ಜಾಗದಲ್ಲಿ ಮೈಕಿಗೆ ಸ್ಟೋರ್ ಗುಮಾಸ್ತನನ್ನ ಕೂರಿಸಿ ಬಂದಿದೀನಿ," ಎಂದರು ಕಂಟ್ರೋಲರು. "ಅರ್ಧ ಊರು ಎಲ್ಲೆಲ್ಲಿಗೆ ಹೋಗಿ ಇಳಿದಿದೆಯೋ ಏನೋ."

ಭಾವ ಹೋಗಿ ವ್ಯಾನಿನಲ್ಲಿ ಕೂತ. ಅವನು ಮತ್ತೆ ಮಾತು ಬಿಟ್ಟಿದ್ದ.

ಮೈಕಣ್ಣ ಗಂಟಲು ಸರಿಮಾಡಿಕೊಂಡ. "ತಪ್ಪಾಯ್ತು. ಎಲ್ಲರಿಗೂ ತೊಂದರೆ ಕೊಟ್ಟೆ. ಆದ್ರೆ ಹೇಗಿದ್ರೂ ಬಂದಿದೀರಲ್ಲ. ಯಾರಾದ್ರೂ ಒಬ್ಬರು ಕೆಳಗಿನ ಬಯಲಿನಲ್ಲಿ ನಿಂತ್ಕೊಳ್ತೀರಾ? ಅರ್ಧ ಗಂಟೆ ಸಾಕು. ನಮ್ಮವರು ಅಂತ ಒಬ್ಬರು ಬೇಕಂತೆ."

ಮೇಷ್ಟ್ರಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸಿತ್ತು, ಆದಷ್ಟು ಬೇಗ ಮನೆ ಸೇರಬೇಕಿತ್ತು. ಕಂಟ್ರೋಲರಿಗೆ ನಿಲ್ದಾಣ, ಟೈಲರಮ್ಮನಿಗೆ ಹೊಲಿಗೆ. ಅಕ್ಕ ಅವನ ಹೆಲ್ಮೆಟ್ಟನ್ನೊಮ್ಮೆ ಸವರಿ, "ಒಂದು ಗಂಟೆ ಬಸ್ಸಿಗೆ ಹೋಗ್ಬೇಕು ಪುಟ್ಟಾ, ನಿಮ್ಮ ಭಾವ ಸಿಟ್ಟಾಗಿದಾರೆ. ಬಿಡುವಾದಾಗ ಬಂದು ಹೋಗು," ಎಂದಳು. ಸಾಯುವವನಿಗೆಂದು ಇಡೀ ಭಾನುವಾರ ತಂದವರ ಬಳಿ ಬದುಕುವವನಿಗೆ ಅರ್ಧ ಗಂಟೆ ಇರಲಿಲ್ಲ. ವ್ಯಾನು ಹೊರಟುಹೋಯಿತು.

ವ್ಯಾನು ತಿರುವುಗಳನ್ನು ಇಳಿಯುವವರೆಗೆ ತರಬೇತುದಾರ ರೆಕ್ಕೆಯ ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. "ನಿಯಮ ನಿಯಮಾನೇ ಸಾರ್. ಏನೂ ಮಾಡೋಕಾಗಲ್ಲ," ಎಂದು ಪಟ್ಟಿ ಬಿಚ್ಚಲು ಕೈಹಾಕಿದ.

"ಇನ್ನೊಂದು ಸಲ ನೋಡಿ," ಎಂದ ಮೈಕಣ್ಣ. "ಹತ್ತು ಗಂಟೆಗೆ ಇನ್ನೂ ಎರಡು ನಿಮಿಷ ಇದೆ."

ಅವನ ಮನಸ್ಸು ನೋಯಿಸುವುದೇಕೆಂದು ತರಬೇತುದಾರ ಬೈನಾಕ್ಯುಲರ್ ಎತ್ತಿದ. "ಅರೆ! ಬಯಲಿನಲ್ಲಿ ವ್ಯಾನು ನಿಂತಿದೆ. ಒಬ್ಬರು ಇಳಿದ್ರು. ಉದ್ದ ಗಡ್ಡ, ಬಿಳಿ ಅಂಗಿ. ನಿಮ್ಮವರಾ?"

ಮೈಕಣ್ಣ ಕಸಿದುಕೊಂಡು ನೋಡಿದ. ಮೇಷ್ಟ್ರು ರಸ್ತೆಯಿಂದ ಬಯಲಿನೊಳಕ್ಕೆ ನಾಲ್ಕು ಹೆಜ್ಜೆ ಬಂದು, ಬಗ್ಗಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಹಾಕುತ್ತಿದ್ದರು. ಆಮೇಲೆ ನೆಟ್ಟಗಾಗಿ, ಯಾರಾದರೂ ನೀರು ತನ್ನಿ ಎಂದು ವ್ಯಾನಿನತ್ತ ಜೋರಾಗಿ ಕೈ ಬೀಸಿದರು.

"ನಮ್ಮವರೇ," ಎಂದ ಮೈಕಣ್ಣ. "ಕೈ ಬೀಸ್ತಿದಾರೆ, ನೋಡಿ."

"ಹಾಗಿದ್ರೆ ಸರಿ. ಓಡಿ ಅಂದ ತಕ್ಷಣ ಓಡಬೇಕು. ನಿಲ್ಲಬಾರದು. ಓಡಿ!"

ಅವನು ಓಡಿದ. ಏಳನೆಯ ಹೆಜ್ಜೆಗೆ ನೆಲ ಸಿಗಲಿಲ್ಲ. ಬೆಟ್ಟ ಹಿಂದೆ ಸರಿಯಿತು. ಸದ್ದಿಲ್ಲ, ಹಾರ್ನಿಲ್ಲ, ಯಾವ ಬಸ್ಸಿಗೂ ಯಾವ ಸಮಯವನ್ನೂ ಹೇಳಬೇಕಾಗಿಲ್ಲ. ಗಾಳಿ ಎದೆಯ ಕೆಳಗೆ ಕೈಕೊಟ್ಟು ಎತ್ತಿಕೊಂಡಿತ್ತು. ಮೈಕಣ್ಣನ ಕಣ್ಣಲ್ಲಿ ನೀರು ಬಂತು. ಆರು ವರ್ಷಗಳಿಂದ ಯಾರೊಂದಿಗಾದರೂ ಹೇಳಿಕೊಳ್ಳಬೇಕೆನ್ನಿಸುವಂಥದ್ದು ಏನೂ ನಡೆದಿರಲಿಲ್ಲ. ಈಗ ನಡೆಯುತ್ತಿತ್ತು.

"ಹೆದರಿಕೆ ಆಗ್ತಿದೆಯಾ ಸಾರ್?"

"ಇಲ್ಲಪ್ಪ. ಚೆನ್ನಾಗಿದೆ."

ಕೆಳಗೆ ನೋಡಿದ. ಬೆಂಕಿಪೊಟ್ಟಣದಷ್ಟಾಗಿದ್ದ ವ್ಯಾನಿನ ಬಳಿ ಮೇಷ್ಟ್ರು ಬಾಯಿ ಮುಕ್ಕಳಿಸಿ, ಒಳಗೆ ಹತ್ತಿ ಕೂತರು. ವ್ಯಾನಿನ ಹಿಂದೆ ಧೂಳೆದ್ದಿತು. ಮೈಕಣ್ಣ ಗಾಬರಿಯಿಂದ ಎದುರು ದಿಕ್ಕಿಗೆ ಕೈ ತೋರಿಸಿದ. "ಅಲ್ಲಿ ನೋಡಿ, ಆ ಕಡೆ! ಅದೇನದು ಹೊಳೀತಿರೋದು?"

"ಕೆರೆ ಸಾರ್."

"ಅದರ ಪಕ್ಕದಲ್ಲಿ?"

"ಅದೂ ಕೆರೇನೇ."

"ಎಷ್ಟು ದೊಡ್ಡದು! ಇನ್ನೊಂದು ಸುತ್ತು ಹಾಕೋಣ, ಸರಿಯಾಗಿ ತೋರಿಸಿ ನಂಗೆ."

ಒಂದಲ್ಲ, ಮೂರು ಸುತ್ತು ಹಾಕಿಸಿದ. ಅಷ್ಟು ಹೊತ್ತೂ ಆ ಕೆರೆಯ ಆಳ, ಉದ್ದ, ಮೀನುಗಳ ಜಾತಿ ಎಲ್ಲವನ್ನೂ ಕೇಳಿ ತರಬೇತುದಾರನ ಮುಖ ಬಯಲಿನ ಕಡೆಗೆ ತಿರುಗದಂತೆ ನೋಡಿಕೊಂಡ. ಧೂಳು ಪೂರ್ತಿ ಅಡಗಿದ ಮೇಲೆಯೇ ಅವರು ಕೆಳಗಿಳಿದರು. ಹುಲ್ಲಿನ ಮೇಲೆ ನಾಲ್ಕು ಹೆಜ್ಜೆ ಓಡಿ, ಮಂಡಿಯೂರಿ ನಿಂತರು. ಬಯಲಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ತರಬೇತುದಾರ ಪಟ್ಟಿಗಳನ್ನು ಬಿಚ್ಚಿ, ರೆಕ್ಕೆಯ ಒಂದು ತುದಿಯನ್ನು ಅವನ ಕೈಗೆ ಕೊಟ್ಟ. ಇಬ್ಬರೂ ಸೇರಿ ಅದನ್ನು ಮಡಚಿದರು, ಕೊಳವೆಗಳನ್ನು ಕಟ್ಟಿದರು. ಆಮೇಲೆ ಅವನು ಸುತ್ತಲೂ ನೋಡಿದ.

"ಎಲ್ಲಿ ಸಾರ್ ನಿಮ್ಮವರು?"

"ಹೊರಡಿ ಅಂತ ನಾನೇ ಹೇಳಿದೆ," ಎಂದ ಮೈಕಣ್ಣ. "ವಯಸ್ಸಾದವರು. ಬಿಸಿಲಲ್ಲಿ ಎಷ್ಟು ಹೊತ್ತು ಅಂತ ನಿಲ್ತಾರೆ, ಪಾಪ."

"ಯಾವಾಗ ಹೇಳಿದ್ರಿ?"

"ಮೇಲಿದ್ದಾಗ."

"ಅಷ್ಟು ದೂರದಿಂದ ಕೇಳಿಸ್ತಾ ಅವರಿಗೆ?"

"ಕೇಳಿಸ್ದೆ ಏನು? ನೋಡಿ, ಹೊರಟೇ ಹೋದ್ರಲ್ಲ."